ವಾರದ ರಜೆ ಎಂಬ ಒರೆಗಲ್ಲು

ಮೊಬೈಲ್ ಕಳುವಾಗಿದೆ ಎಂದು ಠಾಣೆಗೆ ಹೋದವರಿಗೆ ಎಫ್‌ಐಆರ್ ಬದಲು ಹಿಂಬರಹ ಸಿಕ್ಕ ಕಥೆ ಊರೂರಲ್ಲೂ ಇದೆ. ಸಂಜ್ಞೇಯ ಅಪರಾಧದ ದೂರು ಬಂದರೆ ಪ್ರಕರಣ ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಹೇಳಿತು. ಆದರೂ ಠಾಣೆಯ ರೂಢಿ ಕದಲಲಿಲ್ಲ. ಏಕೆ ಎಂದು ತಿಳಿಯಬೇಕಾದವರು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಸಂಗಡಿಗರು ರಾಜಸ್ಥಾನದ 162 ಠಾಣೆಗಳಲ್ಲಿ ನಡೆಸಿದ ಪ್ರಯೋಗದ ವರದಿಯನ್ನು ಓದಬೇಕು. ಅದು 2012ರಲ್ಲಿ ಹೊರಬಂತು. ತಂಡದಲ್ಲಿದ್ದ ನೀನಾ ಸಿಂಗ್ ಆಗ ಅದೇ ರಾಜ್ಯದ ಐಪಿಎಸ್ ಅಧಿಕಾರಿಯಾಗಿದ್ದರು.

ಪ್ರಯೋಗದಲ್ಲಿ ನಾಲ್ಕು ಸುಧಾರಣೆಗಳಿದ್ದವು: ಮನಬಂದಂತೆ ಮಾಡುವ ವರ್ಗಾವಣೆಗೆ ತಡೆ, ಸಿಬ್ಬಂದಿಗೆ ತರಬೇತಿ, ವಾರದ ರಜೆಯ ಜೊತೆಗೆ ಸರದಿಯಂತೆ ಕೆಲಸದ ಹಂಚಿಕೆ, ಠಾಣೆಯಲ್ಲಿ ಊರಿನವರೇ ಕುಳಿತು ನೋಡುವ ವ್ಯವಸ್ಥೆ. ಇವುಗಳ ಜೊತೆಗೆ, ದೂರುದಾರರ ವೇಷದಲ್ಲಿ ಹೋಗಿ ಕಲ್ಪಿತ ಪ್ರಕರಣ ದಾಖಲಿಸಲು ಯತ್ನಿಸುವ ಸಮೀಕ್ಷಕರೂ ಇದ್ದರು. ತರಬೇತಿ ಮತ್ತು ವರ್ಗಾವಣೆ ತಡೆ ಫಲ ಕೊಟ್ಟವು. ವೇಷಧಾರಿಗಳ ಭೇಟಿಯೂ ಪೊಲೀಸರ ಕೆಲಸವನ್ನು ಸುಧಾರಿಸಿತು. ರಜೆ ಮತ್ತು ಊರಿನವರ ಹಾಜರಿಯಿಂದ ಗಟ್ಟಿಯಾದ ಪರಿಣಾಮ ಕಾಣಲಿಲ್ಲ.

ಗೆದ್ದವು ಮೇಲಿನ ಕಚೇರಿಯಿಂದಲೇ ಜಾರಿಯಾಗುವಂಥವು, ಸೋತವಕ್ಕೆ ಠಾಣಾಧಿಕಾರಿಯ ನಿರಂತರ ಸಹಕಾರ ಬೇಕಿತ್ತು ಎಂಬುದು ಲೇಖಕರ ವಿವರಣೆ. ಸ್ಥಳೀಯವಾಗಿ ಜಾರಿ ಮಾಡುವಲ್ಲಿದ್ದ ತೊಡಕು ಎಂದು ಅವರು ಅದನ್ನು ಓದುತ್ತಾರೆ. ನನ್ನ ತಕರಾರು ಇಲ್ಲಿಯೇ. ಆ ತೊಡಕೇ ಇಡೀ ವರದಿಯ ಅತಿ ಮುಖ್ಯ ಶೋಧ. ಠಾಣೆಯಲ್ಲಿ ಪೇದೆಯ ರಜೆ ಸಾಹೇಬರ ಕೃಪೆ. ಹೇಳಿದ ಮಾತು ಕೇಳಿದವನಿಗೆ ಸಿಗುತ್ತದೆ, ಎದುರಾಡಿದವನಿಗೆ ಇಲ್ಲ. ಅದನ್ನು ಹಕ್ಕೆಂದು ಘೋಷಿಸಿದರೆ ಅಧಿಕಾರಿಯ ಕೈಯಲ್ಲಿರುವ ಬಲವಾದ ಹಿಡಿತವೊಂದು ಕಳಚುತ್ತದೆ; ಅವನು ತಾನಾಗಿ ಬಿಟ್ಟುಕೊಟ್ಟಾನೆಯೇ? ಹಾಗೆ ವರ್ಷಗಟ್ಟಲೆ ಕೃಪೆಗೆ ಕಾದು ದಣಿದವನೇ ಎದುರಿಗೆ ಬಂದ ದೂರುದಾರನನ್ನೂ ಕಾಯಿಸುತ್ತಾನೆ, ಅವನಿಗೆ ಗೊತ್ತಿರುವ ನಡವಳಿಕೆ ಅದೊಂದೇ. ವರದಿ ಈ ಎರಡು ಸಂಗತಿಗಳನ್ನು ಬೇರೆ ಬೇರೆ ಕೋಷ್ಟಕಗಳಲ್ಲಿ ಇಟ್ಟು ಮುಂದೆ ಸಾಗುತ್ತದೆ. ಠಾಣಾಧಿಕಾರಿಗಳನ್ನೇ ಕೂರಿಸಿಕೊಂಡು ದೀರ್ಘವಾಗಿ ಮಾತನಾಡಿಸಿದ ಅಧ್ಯಾಯವೊಂದು ಅದರಲ್ಲಿ ಇರಬೇಕಿತ್ತು.

ವೇಷಧಾರಿಗಳ ಉಪಾಯ ನನಗೆ ತುಂಬ ಹಿಡಿಸಿತು. ಯಾರು ನಿಜವಾದ ದೂರುದಾರ, ಯಾರು ಪರೀಕ್ಷೆಗೆ ಬಂದವನು ಎಂದು ತಿಳಿಯದಿದ್ದಾಗ ಎಲ್ಲರ ಮಾತನ್ನೂ ಕೇಳಲೇಬೇಕಾಗುತ್ತದೆ. ಆದರೆ ಆ ಪರೀಕ್ಷೆ ಮುಗಿಯುವುದು ದೂರು ದಾಖಲಾಗುವ ಬಾಗಿಲಲ್ಲಿ. ಆಮೇಲೆ ಮಹಜರು ಹೇಗೆ ನಡೆಯಿತು, ಸಾಕ್ಷಿಗಳನ್ನು ಕರೆದರೇ, ಕಡತ ಎಲ್ಲಿ ಕುಳಿತಿತು ಎಂಬುದು ಅದರ ಕಣ್ಣಿಗೆ ಬೀಳದು.

ಇನ್ನೊಂದು ಮಾತನ್ನು ಈ ವರದಿಯ ಆಚೆಗೆ ಹೋಗಿ ಹೇಳಬೇಕು. ದೂರು ನಿರಾಕರಿಸುವ ಪೊಲೀಸರು ಎಲ್ಲ ಸಲವೂ ಸೋಮಾರಿಗಳಲ್ಲ. ಅಪರಾಧದ ಅಂಕಿ ಏರಿದರೆ ಮೇಲಿನವರ ಸಭೆಯಲ್ಲಿ ತಲೆತಗ್ಗಿಸಿ ನಿಲ್ಲಬೇಕಾದವರು ಅವರೇ. ದೆಹಲಿಯಲ್ಲಿ ದೂರುಗಳನ್ನು ಮುಕ್ತವಾಗಿ ದಾಖಲಿಸತೊಡಗಿದಾಗ, 2013ರಲ್ಲಿ ಸುಮಾರು 80 ಸಾವಿರ ಇದ್ದ ಐಪಿಸಿ ಪ್ರಕರಣಗಳು 2014ರಲ್ಲಿ ಒಂದೂವರೆ ಲಕ್ಷ ದಾಟಿದವು. ಒಂದೇ ವರ್ಷದಲ್ಲಿ ಕಳ್ಳರು ಇಮ್ಮಡಿಯಾಗಿರಲಾರರು. ರಾಜಸ್ಥಾನವೂ 2019ರಲ್ಲಿ, ಠಾಣೆ ನಿರಾಕರಿಸಿದ ದೂರನ್ನು ಎಸ್‌ಪಿ ಕಚೇರಿಯಲ್ಲಿ ದಾಖಲಿಸುವ ಅವಕಾಶ ಕೊಟ್ಟಿತು. ಅಂಕಿ ಏರಿತು, ರಾಜ್ಯದಲ್ಲಿ ಕಾನೂನು ಸುವ್ಯವಸ್ಥೆ ಕುಸಿದಿದೆ ಎಂದು ವಿರೋಧ ಪಕ್ಷ ಅದನ್ನೇ ಎತ್ತಿ ತೋರಿಸಿತು. ಪ್ರಾಮಾಣಿಕತೆಗೆ ಹೀಗೆ ದಂಡ ತೆರಬೇಕಾದಲ್ಲಿ ತರಬೇತಿ ಎಷ್ಟು ದಿನ ಉಳಿದೀತು?

ಕರ್ನಾಟಕದ ಓದುಗರಿಗೆ ಈ ರಜೆಯ ಪ್ರಶ್ನೆ ಹೊಸದಲ್ಲ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ನಮ್ಮ ಪೊಲೀಸ್ ಸಿಬ್ಬಂದಿ ಸಿದ್ಧರಾಗಿದ್ದರು. ಸಂಬಳದ ಜೊತೆಗೆ ಅವರು ಕೇಳಿದ್ದು ರಜೆ, ಮೇಲಧಿಕಾರಿಗಳ ಕಿರುಕುಳದಿಂದ ಬಿಡುಗಡೆ. ಶಿಸ್ತಿನ ಇಲಾಖೆಯಲ್ಲಿ ಇದು ಸಲ್ಲದು ಎಂಬ ಎಚ್ಚರಿಕೆ ಬಂತು, ಸಂಘಟನೆಯ ಮುಂದಾಳಿನ ಮೇಲೆ ದೇಶದ್ರೋಹದ ಆರೋಪ ಹೊರಿಸಿ ಬಂಧಿಸಿದ್ದೂ ಆಯಿತು. ಸಂಬಳದ ವಿಷಯ ಆಮೇಲೆ ಹಿರಿಯ ಪೊಲೀಸ್ ಅಧಿಕಾರಿ ಔರಾದ್ಕರ್ ಅವರ ಸಮಿತಿಯ ಮುಂದೆ ಹೋಯಿತು. ರಜೆಯ ಚೀಟಿಗೆ ಸಹಿ ಹಾಕುವ ಅಧಿಕಾರ ಮಾತ್ರ ಠಾಣೆಯಲ್ಲಿ ಮೊದಲಿದ್ದವರ ಬಳಿಯೇ ಉಳಿದಿದೆ.