ಕಿಲೋ ಲೆಕ್ಕದ ಕುಶಲತೆ

ಬೆಂಗಳೂರಿನ ಪೀಣ್ಯದಲ್ಲಿ, ದೊಡ್ಡ ಕಾರ್ಖಾನೆಗಳು ಕಳುಹಿಸಿದ ನಕ್ಷೆಯನ್ನನುಸರಿಸಿ ಯಂತ್ರಗಳ ಕವಚ, ಕಂಟ್ರೋಲ್ ಪ್ಯಾನೆಲ್ಲಿನ ಪೆಟ್ಟಿಗೆ, ಚೌಕಟ್ಟು ಮೊದಲಾದುವನ್ನು ಉಕ್ಕಿನ ತಗಡಿನಿಂದ ನಿರ್ಮಿಸಿಕೊಡುವ ಷೆಡ್ಡುಗಳನ್ನು ಹೊಕ್ಕವರು ಮೊದಲು ಬೆರಗಾಗುವುದು ಲೇಸರ್ ಯಂತ್ರದ ವೇಗಕ್ಕೆ. ಆದರೆ ಈ ವೃತ್ತಿಯ ಗುಣದೋಷಗಳನ್ನು ವಿವೇಚಿಸಹೊರಟವನು ಅಲ್ಲಿ ಬಹಳ ಹೊತ್ತು ನಿಲ್ಲಬೇಕಾದುದಿಲ್ಲ. ಕಂಪ್ಯೂಟರಿನ ಆಣತಿಯಂತೆ ಕತ್ತರಿಸುವ ಕಾರ್ಯ ಬಂಡವಾಳವುಳ್ಳವರಿಗೆಲ್ಲ ಸಾಧ್ಯ. ಪರೀಕ್ಷೆ ಆರಂಭವಾಗುವುದು ತಗಡು ಬಾಗುವಲ್ಲಿ.

ಬಾಗಿಸಿದಾಗ ಹೊರಮೈ ಹಿಗ್ಗಿ ಒಳಮೈ ಕುಗ್ಗುವುದರಿಂದ, ಸಿದ್ಧವಸ್ತುವಿನ ಅಳತೆಗಳನ್ನು ಕೂಡಿಸಿದ ಮಾತ್ರಕ್ಕೆ ಚಪ್ಪಟೆ ತಗಡಿನ ಅಳತೆ ದೊರೆಯದು. 2 ಮಿ.ಮೀ. ದಪ್ಪದ ಶೀಟಿನಲ್ಲಿ, ಒಳಬಾಗಿನ ತ್ರಿಜ್ಯವೂ ಅಷ್ಟೇ ಇರುವಂತೆ, ಹೊರಗಿನಿಂದ 50 ಮಿ.ಮೀ. ಅಳೆಯುವ ಎರಡು ತೋಳುಗಳ ಲಂಬಕೋನವೊಂದು ಬೇಕಾದರೆ ಕತ್ತರಿಸತಕ್ಕದ್ದು 100 ಅಲ್ಲ, ಸುಮಾರು 96.5. ಸಾಲದುದಕ್ಕೆ, ಒತ್ತಡ ತೆಗೆದೊಡನೆ ಲೋಹವು ತುಸು ಹಿಂದಕ್ಕೆ ಬಿಚ್ಚಿಕೊಳ್ಳುವುದರಿಂದ 90 ಡಿಗ್ರಿ ಬೇಕಾದವನು ಅದನ್ನು ಮೀರಿಯೇ ಬಾಗಿಸಬೇಕು. ಈ ವಿಷಯದಲ್ಲಿ ಮೈಲ್ಡ್ ಸ್ಟೀಲಿಗಿಂತ ಸ್ಟೇನ್‌ಲೆಸ್ ಸ್ಟೀಲು ಹೆಚ್ಚು ಹಠಮಾರಿ. ಇನ್ನು ಬೆಸುಗೆಯೋ, ಆರುತ್ತ ಕುಗ್ಗಿ ಇಡೀ ಚೌಕಟ್ಟನ್ನೇ ಸೊಟ್ಟಗೆ ಸೆಳೆಯಬಲ್ಲದು. ಭಾಗಗಳನ್ನು ಅಲುಗದಂತೆ ಹಿಡಿಯುವ ಜಿಗ್ಗಿನಲ್ಲಿ ಬಿಗಿದು, ಅಲ್ಲಲ್ಲಿ ಟ್ಯಾಕ್ ಎಂಬ ಕಿರುಬೆಸುಗೆ ಹಾಕಿ, ಯಾವ ಮೂಲೆಯ ತರುವಾಯ ಯಾವ ಮೂಲೆಯೆಂಬ ಕ್ರಮವನ್ನು ನಿಶ್ಚಯಿಸುವ ವೆಲ್ಡರನ ವಿವೇಕ ನಕ್ಷೆಯಲ್ಲಿ ಬರೆದಿರುವುದಿಲ್ಲ. ನಕ್ಷೆ ಬರೆದವರು ಕಣ್ಣಿಗೇ ಬೀಳದ ಅಂಚಿಗೂ ±0.1 ಮಿ.ಮೀ. ನಿಷ್ಕೃಷ್ಟತೆಯನ್ನು ವಿಧಿಸಿ ನಿಶ್ಚಿಂತರಾಗಿರುವುದುಂಟು. (ಪರದೆಯ ಮೇಲೆ ನಿಷ್ಕೃಷ್ಟತೆಗೆ ವೆಚ್ಚವಿಲ್ಲವಷ್ಟೆ!)

ಇಷ್ಟೊಂದು ಪರಿಜ್ಞಾನವನ್ನು ಬೇಡುವ ಕೆಲಸಕ್ಕೆ ನಮ್ಮಲ್ಲಿ ಬಹುಮಟ್ಟಿಗೆ ರೂಢಿಯಲ್ಲಿರುವ ದರವು ಕಿಲೋ ಒಂದಕ್ಕೆ ಇಷ್ಟು ರೂಪಾಯಿ ಎಂಬುದು. ತೊಲೆ, ಕಂಬ, ದೊಡ್ಡ ತೊಟ್ಟಿಗಳಂಥ ಭಾರದ ಕಾಮಗಾರಿಗಳಲ್ಲಿ ಈ ಲೆಕ್ಕ ಸುಲಭವೂ ಒಂದು ಮಟ್ಟಿಗೆ ನ್ಯಾಯವೂ ಆಗಿದೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ತಗಡಿನ ಸೂಕ್ಷ್ಮ ಕೆಲಸಕ್ಕೂ ಅದನ್ನೇ ಅನ್ವಯಿಸುವುದು ಬಟ್ಟೆಯ ತೂಕ ನೋಡಿ ದರ್ಜಿಗೆ ಕೂಲಿ ಕೊಟ್ಟಂತೆ. ಇದರ ವೈಪರೀತ್ಯ ಕೇವಲ ಕಡಮೆ ಕೂಲಿಯಲ್ಲಿ ಮುಗಿಯುವುದಿಲ್ಲ. 2 ಮಿ.ಮೀ. ಉಕ್ಕಿನ ತಗಡು ಚದರ ಮೀಟರಿಗೆ 15.7 ಕಿಲೋ ತೂಗುತ್ತದೆ. ಅನುಭವಿಯಾದ ಕೆಲಸಗಾರನು ನಕ್ಷೆಯನ್ನು ಕಂಡು, ಅಂಚಿಗೆ ಒಂದು ಮಡಿಕೆ ಕೊಟ್ಟರೆ 1.6 ಮಿ.ಮೀ. ತಗಡೇ ಸಾಕಷ್ಟು ದೃಢವಾಗುವುದೆಂದು ಸೂಚಿಸಿದನೆನ್ನೋಣ. ಚದರ ಮೀಟರಿನ ತೂಕ 12.56 ಕಿಲೋಗೆ ಇಳಿಯುತ್ತದೆ, ಗಿರಾಕಿಗೆ ಉಕ್ಕು ಉಳಿಯುತ್ತದೆ. ಸೂಚಿಸಿದವನಾದರೋ ಒಂದು ಬಾಗು ಹೆಚ್ಚು ದುಡಿದು, ಸುಮಾರು ಐದರಲ್ಲೊಂದು ಪಾಲು ಸಂಪಾದನೆಯನ್ನು ಕಳೆದುಕೊಳ್ಳುತ್ತಾನೆ. ಬುದ್ಧಿ ಹೇಳಿದ್ದಕ್ಕೆ ದಂಡ ವಿಧಿಸುವ ಪದ್ಧತಿಯಲ್ಲಿ ಷೆಡ್ಡಿನವರು ಮೌನವಾಗಿ ನಕ್ಷೆಯಿದ್ದಂತೆಯೇ ಮಾಡಿಕೊಡುವುದನ್ನು ಕಲಿತರೆ, ಅವರಲ್ಲಿ ಉತ್ಸಾಹವಿಲ್ಲವೆಂದು ದೂರುವ ಅಧಿಕಾರ ಕಾರ್ಖಾನೆಯವರಿಗೆ ಎಲ್ಲಿಯದು?

ಸಾಮಗ್ರಿ, ಕತ್ತರಿಸುವ ಕಾಲ, ಬಾಗುಗಳ ಸಂಖ್ಯೆ, ಬೆಸುಗೆಯ ಉದ್ದ, ಪೌಡರ್ ಕೋಟಿಂಗ್ ಎಂದು ದರವನ್ನು ಬಿಡಿಸಿ ಕೇಳುವ ಗಿರಾಕಿಗಳೂ ಇದ್ದಾರೆ, ಮತ್ತು ಇದು ನಿಸ್ಸಂಶಯವಾಗಿ ಮೇಲಾದ ಕ್ರಮ. ಆದರೂ ಬಾಗುಗಳನ್ನೆಣಿಸಿ ಕೂಲಿ ಕೊಡುವ ಲೆಕ್ಕವು, ವಿಚಾರಮಾಡಿ ಒಂದು ಬಾಗನ್ನೇ ಅನಾವಶ್ಯಕಗೊಳಿಸಿದವನಿಗೆ ಏನನ್ನೂ ಕೊಡಲಾರದು. ಅದಕ್ಕಾಗಿ ಆರ್ಡರಿನಲ್ಲಿ ನಕ್ಷೆಯ ಪರಿಶೀಲನೆಗೆಂದೇ ಪ್ರತ್ಯೇಕವಾದ ಒಂದು ಸಾಲೂ, ಅದರ ಮುಂದೆ ಒಂದು ಮೊಬಲಗೂ ಇರತಕ್ಕದ್ದು.