ಕಸದಿಂದ ಸಕ್ಕರೆ: ಬಿಟ್ಟುಹೋದ ಅರ್ಧ ಲೆಕ್ಕ

ರದ್ದಿ ಕಾಗದ, ಮರದ ಹೊಟ್ಟುಗಳಿಂದ ಸಕ್ಕರೆಯನ್ನೂ ಪಶು ಆಹಾರವನ್ನೂ ತಯಾರಿಸಬಹುದೆಂಬ ಲೇಖನಗಳನ್ನು ನೀವು ಓದಿರಬಹುದು. ‘ಕಸದಿಂದ ರಸ’ ಎಂಬ ಮಾತು ಆಕರ್ಷಕ; ಅದರ ಹಿಂದಿನ ರಸಾಯನ ವಿಜ್ಞಾನವೂ ಸರಿಯೇ. ಆದರೆ ಇಂತಹ ಬರಹಗಳಲ್ಲಿ ಹಲವು ಅರ್ಧ ಲೆಕ್ಕಕ್ಕೇ ನಿಲ್ಲುತ್ತವೆ ಎಂಬುದು ನನ್ನ ಆಕ್ಷೇಪ.

ಅವು ಹೇಳುವ ಅರ್ಧವನ್ನು ಮೊದಲು ನೋಡೋಣ. ಸೆಲ್ಯುಲೋಸ್ ಎಂಬುದು ಗ್ಲುಕೋಸ್ ಘಟಕಗಳ ಉದ್ದನೆಯ ಸರಪಳಿ. 162 ಗ್ರಾಂ ಸೆಲ್ಯುಲೋಸ್ 18 ಗ್ರಾಂ ನೀರಿನೊಡನೆ ವರ್ತಿಸಿದರೆ 180 ಗ್ರಾಂ ಗ್ಲುಕೋಸ್ ಸಿಗಬೇಕು. ಆದರೆ ಮರದಲ್ಲಿ ಸೆಲ್ಯುಲೋಸ್ ಇರುವುದು ಸುಮಾರು 40–45 ಶೇಕಡಾ ಮಾತ್ರ. ಅದರ ಎಳೆಗಳನ್ನು ಅಂಟಿನಂತೆ ಹಿಡಿದಿರುವ ಲಿಗ್ನಿನ್, ಕಿಣ್ವಗಳನ್ನು ಹತ್ತಿರ ಬಿಡುವುದಿಲ್ಲ. ಬರೆಯುವ ಬಿಳಿ ಕಾಗದದಿಂದ ಲಿಗ್ನಿನನ್ನು ಬಹುಮಟ್ಟಿಗೆ ತೆಗೆದಿರುತ್ತಾರೆ. ಮರವನ್ನು ಅರೆದು ಮಾಡುವ ಪತ್ರಿಕಾ ಕಾಗದದಲ್ಲಿ ಅದು ಉಳಿದಿರುತ್ತದೆ. ಆದ್ದರಿಂದ ‘ಕಾಗದ’ ಎಂದಷ್ಟೇ ಹೇಳಿದರೆ ಸಾಲದು.

1931ರ ನೊಬೆಲ್ ಪುರಸ್ಕೃತ, ಜರ್ಮನಿಯ ಫ್ರೀಡ್ರಿಕ್ ಬರ್ಗಿಯುಸ್ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಬಳಸಿ ಮರವನ್ನು ಸಕ್ಕರೆಯಾಗಿಸಿದರು. ಆಮ್ಲವನ್ನು ಮರಳಿ ಪಡೆಯುವುದೇ ಅಲ್ಲಿ ದೊಡ್ಡ ತೊಡಕಾಯಿತು. 1970ರ ದಶಕದಲ್ಲಿ ಅಮೆರಿಕದ ನೇಟಿಕ್ ಸೇನಾ ಪ್ರಯೋಗಾಲಯ ರದ್ದಿ ಕಾಗದದ ಮೇಲೆ ಟ್ರೈಕೋಡರ್ಮ ಶಿಲೀಂಧ್ರದ ಕಿಣ್ವಗಳನ್ನು ಪ್ರಯೋಗಿಸಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಸೈನ್ಯದ ಹತ್ತಿಬಟ್ಟೆಯನ್ನು ಕೊಳೆಸಿದ್ದ ಶಿಲೀಂಧ್ರವಿದು! ಆಮ್ಲದ ಕಾಟ ತಪ್ಪಿತಾದರೂ ಕಿಣ್ವಗಳ ಕೆಲಸ ನಿಧಾನ, ಬೆಲೆಯೂ ಹೆಚ್ಚು.

ಇನ್ನು ಬಿಟ್ಟುಹೋದ ಅರ್ಧ. ಕಿಣ್ವಗಳ ಕ್ರಿಯೆಯಿಂದ ದೊರೆಯುವುದು ಸಕ್ಕರೆಯ ಹರಳಲ್ಲ, ತೆಳುವಾದ ದ್ರಾವಣ. ಅದು 5 ಶೇಕಡಾ ಸಾರತೆಯದೆಂದು ಇಟ್ಟುಕೊಳ್ಳಿ. ಒಂದು ಕಿಲೋಗ್ರಾಂ ಗ್ಲುಕೋಸಿಗೆ 19 ಕಿಲೋಗ್ರಾಂ ನೀರನ್ನು ಹೊರಹಾಕಬೇಕು. ನೀರಿನ ಗುಪ್ತೋಷ್ಣ ಕಿಲೋಗ್ರಾಮಿಗೆ 2.26 ಮೆಗಾಜೂಲ್, ಒಟ್ಟು ಸುಮಾರು 43 ಮೆಗಾಜೂಲ್. ಅಷ್ಟೇ ಗ್ಲುಕೋಸ್ ಉರಿದರೆ ಸಿಗುವುದು 15.6 ಮೆಗಾಜೂಲ್! ಒಂದು ಹಂತದ ಆವಿಯಿಂದಲೇ ಮುಂದಿನ ಹಂತವನ್ನು ಕಾಯಿಸಿ ಈ ವೆಚ್ಚವನ್ನು ತಗ್ಗಿಸಬಹುದು. ದ್ರಾವಣವನ್ನು ನೇರವಾಗಿ ಹುದುಗಿಸಲೂಬಹುದು. ಆದರೆ ಆ ಮಾತನ್ನು ಲೇಖನ ಹೇಳಬೇಕಲ್ಲವೇ?

ಪಶು ಆಹಾರದ ವಿಷಯವೂ ಹೀಗೆಯೇ. ಹಸುವಿನ ಮೊದಲ ಜಠರದ ಸೂಕ್ಷ್ಮಜೀವಿಗಳು ಯಾವ ಕಾರ್ಖಾನೆಯೂ ಇಲ್ಲದೆ ಸೆಲ್ಯುಲೋಸನ್ನು ಒಡೆಯುತ್ತವೆ, ನಿಜ. ಆದರೆ ಅವಕ್ಕೆ ನೈಟ್ರೋಜನ್ ಬೇಕು. ಕಾಗದದಲ್ಲಿ ಪ್ರೋಟೀನು ಇಲ್ಲವೆಂದೇ ಹೇಳಬೇಕು. ಮುದ್ರಣದ ಶಾಯಿಯಲ್ಲಿ ಏನಿದೆಯೆಂದು ಪರೀಕ್ಷಿಸದೆ ದನಕ್ಕೆ ಹಾಕುವಂತೆಯೂ ಇಲ್ಲ.

ತ್ಯಾಜ್ಯದ ಬಳಕೆ ಬೇಡವೆಂದು ನಾನು ಹೇಳುತ್ತಿಲ್ಲ. ಅಧ್ಯಾಪಕ ಮಿತ್ರರೇ, ಈ ಸಮೀಕರಣವನ್ನು ಕಪ್ಪುಹಲಗೆಯ ಮೇಲೆ ಬರೆದಾಗ, ಅದರ ಪಕ್ಕದಲ್ಲೇ ಆವಿಯಾಗಬೇಕಾದ ನೀರಿನ ಲೆಕ್ಕವನ್ನೂ ವಿದ್ಯಾರ್ಥಿಗಳಿಂದ ಮಾಡಿಸಿ.