ಪಟದೊಳಗಿನ ಸೀರೆ

ಕೊಳ್ಳೇಗಾಲದ ಹಳೆಯ ಮನೆಯೊಂದರಲ್ಲಿ ಮಗ್ಗದ ಎದುರು ಗೋಡೆಗೆ ಲಕ್ಷ್ಮಿಯ ಪಟ. ಚಿತ್ರಕಾರ ರವಿವರ್ಮನ ಪ್ರೆಸ್ಸಿನ ಕಲ್ಲಚ್ಚು. ಹತ್ತಿರ ಹೋದರೆ ಸೀರೆಯ ಅಂಚು ಮಿನುಗಿತು; ಬಣ್ಣವಲ್ಲ, ನಿಜವಾದ ಜರಿ. ಸೆರಗಿನ ಉದ್ದಕ್ಕೂ ಎಳೆ ಎಳೆಯಾಗಿ ಅಂಟಿಸಿ, ನಡುನಡುವೆ ಚಮಕಿ ಇಟ್ಟಿದ್ದರು. "ನಮ್ಮತ್ತೆ ಅಂಟಿಸಿದ್ದು ಕಣಪ್ಪ, ನೇಯ್ದು ಮಿಕ್ಕಿದ ಜರಿ," ಎಂದರು ಮನೆಯ ಅಜ್ಜಿ. ಪಟಕ್ಕೆ ಹೀಗೆ ಸೀರೆ ಉಡಿಸುವುದು ಒಂದು ಕಾಲಕ್ಕೆ ದೇಶದ ಹಲವೆಡೆ ಇದ್ದ ಪದ್ಧತಿ. ನೇಕಾರರ ಮನೆಯಲ್ಲಿ ಅದಕ್ಕೆ ಬೇರೆಯೇ ಅಂದ: ನೆರಿಗೆ ಎಲ್ಲಿ ಮಡಿಚಿಕೊಳ್ಳುತ್ತದೋ ಅಲ್ಲಿ ಎಳೆಯೂ ಮಡಿಚಿಕೊಂಡಿತ್ತು.

ಈ ಪಟಗಳಲ್ಲಿ ನಾವು ದೇವಿಯನ್ನು ನೋಡುತ್ತೇವೆ, ಸೀರೆಯನ್ನು ನೋಡುವುದಿಲ್ಲ. ನೋಡಬೇಕು. ಬರೋಡಾ ಅರಮನೆಗೆ ಪುರಾಣದ ಚಿತ್ರಗಳನ್ನು ಬರೆಯುವಾಗ ರವಿವರ್ಮ ಹೆಂಗಸರ ಉಡುಗೆ ತೊಡುಗೆ ನೋಡಲೆಂದೇ ಊರೂರು ಸುತ್ತಿದ್ದ. 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಆ ಉಡುಗೆಗಳು ಬಡವರ ಗೋಡೆಗೂ ಬಂದವು. ಸರಸ್ವತಿಯ ಬಿಳಿ ಸೀರೆಗೆ ಹೊನ್ನಿನ ಅಂಚು ನಮ್ಮ ಕಣ್ಣಿಗೆ ಕೂತದ್ದು ಹಾಗೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಅವನ ಸಂಗೀತಗಾರ್ತಿಯರ ಚಿತ್ರದಲ್ಲಂತೂ ಹನ್ನೊಂದು ಹೆಂಗಸರು, ಒಬ್ಬೊಬ್ಬರದು ಒಂದೊಂದು ಸೀಮೆಯ ಉಡುಗೆ. ಮೈಸೂರಿಗೆ ಹೋದವರು ಅದರ ಮುಂದೆ ಅರ್ಧ ಗಂಟೆಯಾದರೂ ನಿಲ್ಲಿ.

ಹಳೆಯ ಅಚ್ಚನ್ನು ಗುರುತಿಸಲು ಒಂದು ಭೂತಗನ್ನಡಿ ಸಾಕು. ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಚುಕ್ಕೆಗಳು ಕೈಯಿಂದ ಇಟ್ಟವು, ಆದ್ದರಿಂದ ದಪ್ಪ ಸಣ್ಣ, ಸಾಲು ತಪ್ಪಿದವು. ಈಚಿನ ಆಫ್‌ಸೆಟ್ಟಿನಲ್ಲಿ ಅಳತೆಗೆ ಜೋಡಿಸಿದ ಚುಕ್ಕೆಗಳು. ಕಲ್ಲಚ್ಚಿನ ಸೀರೆಯ ಒಡಲಿನಲ್ಲಿ ಕೆಂಪು ಹಳದಿ ಒಂದರ ಮೇಲೊಂದು ಕೂತು ರೇಷ್ಮೆಯ ಹೊಳಪೇ ಬಂದಿರುತ್ತದೆ. ಕೆಳಗಿನ ಬಿಳಿ ಅಂಚಿನಲ್ಲಿ ಪ್ರೆಸ್ಸಿನ ಹೆಸರು, ಅದು ಮುಂಬಯಿಯಿಂದ ಆಮೇಲೆ ಹೋಗಿ ನೆಲೆಸಿದ ಕಾರ್ಲಾ-ಲೋಣಾವಳ ಎಂಬ ಊರು ಇದ್ದರೆ ಇನ್ನೂ ಒಳ್ಳೆಯದು. ನನಗೆ ಸಂಕಟವಾಗುವುದು ಇಲ್ಲೇ. ನಾನು ಕಟ್ಟು ಹಾಕಲು ಕೊಟ್ಟ ಒಂದು ಪಟದ ಆ ಅಂಚನ್ನು ಅಂಗಡಿಯವರು ಅಳತೆಗೆ ಕತ್ತರಿಸಿ ಬಿಸಾಡಿದ್ದರು. ಪಟದ ಊರು ಹೆಸರು ಎರಡೂ ಹೋದವು.

ಹಿಪ್ಪುನೇರಳೆ ಬೆಳೆದು, ನೂಲು ತೆಗೆದು, ಸೀರೆ ನೇಯ್ದ ಸೀಮೆ ನಮ್ಮದು. ಪಟದ ಸೀರೆಯಲ್ಲಿ ಅಂಚು ಯಾವುದು, ಸೆರಗು ಎಲ್ಲಿ ತಿರುಗಿದೆ, ನೆರಿಗೆ ಎಷ್ಟು ಎಂಬುದನ್ನು ಕೊಳ್ಳೇಗಾಲದ ನೇಕಾರರು ಓದುವಷ್ಟು ಚೆನ್ನಾಗಿ ಯಾವ ಕಲಾವಿಮರ್ಶಕನೂ ಓದಲಾರ.

ಹನೂರು, ಯಳಂದೂರು ಕಡೆಯವರಿಗೂ ನನ್ನದೊಂದು ಬೇಡಿಕೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆ ತೊಳೆಯುವಾಗ ಮಸುಕಾದ ಪಟವನ್ನು ಅರಳಿಕಟ್ಟೆಗೆ ಇಟ್ಟು ಬರಬೇಡಿ. ಗಾಜನ್ನು ಒಣಬಟ್ಟೆಯಲ್ಲಿ ಒರೆಸಿ, ಬಿಸಿಲು ಬೀಳದ ಗೋಡೆಗೆ ಹಾಕಿ. ಹಿಂದಿನ ಹಲಗೆ ಬಿಚ್ಚಿದರೆ ಬೆಳ್ಳಿಹುಳ ಇದೆಯೇ ನೋಡಿ. ಬಿಳಿ ಅಂಚಿಗೆ ಮಾತ್ರ ಕತ್ತರಿ ಹಾಕಿಸಬೇಡಿ.